ಮೂಗಿನ ಎರಡು ಪಕ್ಕದ ಬೂದು ಗೆರೆ

ನನ್ನ ಟೇಬಲ್ಲಿನ ಕೆಳಗಿನ ಡ್ರಾಯರಿನಲ್ಲಿ ಒಂದು ಹಳೇ ಮಾಸ್ಕ್ ಇದೆ. ನೀಲಿ ಬಣ್ಣದ್ದು, ಮೂರು ಪದರದ್ದು. ಕೊರೊನಾ ಕಾಲದಲ್ಲಿ ಎಲ್ಲರ ಕಿವಿಗೂ ನೇತಾಡುತ್ತಿತ್ತಲ್ಲ, ಅದೇ. ಒಳಮೈ ತಿರುಗಿಸಿದರೆ ಮೂಗಿನ ಎರಡೂ ಪಕ್ಕದಲ್ಲಿ ಎರಡು ಬೂದು ಗೆರೆ ಎದ್ದು ಕಾಣುತ್ತವೆ. ಅತ್ತಾಗ ಕಾಡಿಗೆ ಕರಗಿ ಇಳಿಯುತ್ತದಲ್ಲ, ಆ ಥರ. ಅದನ್ನು ಬಿಸಾಡದೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಕ್ಕೆ ಆಫೀಸು ಗುಡಿಸುವ ಹುಡುಗಿ ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾಳೆ. ಆದರೆ ಮಿಲ್ಲಿನಲ್ಲಿ ಯಾರಾದರೂ ಮಾಸ್ಕಿನ ಜಗಳ ತೆಗೆದರೆ ನಾನು ಮೊದಲು ತೋರಿಸುವುದೇ ಇದನ್ನು.

ಮಿಲ್ಲು ಅಂದರೆ ರೈಸ್ ಮಿಲ್ಲು. ದಾವಣಗೆರೆ ದಾಟಿ ಹರಿಹರದ ದಾರಿಯಲ್ಲಿದೆ. ಹೆಸರು ಬೇಡ, ಸಂಬಳ ಅಲ್ಲಿಂದಲೇ ಬರಬೇಕು. ಹದಿನಾಲ್ಕು ವರ್ಷದಿಂದ ಅಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ವೇಬ್ರಿಡ್ಜ್ ಚೀಟಿ, ಹಮಾಲರ ಕೂಲಿ, ಹೊಟ್ಟಿನ ಲಾರಿ, ಎಲ್ಲ ನನ್ನ ಪುಸ್ತಕಕ್ಕೇ ಬರಬೇಕು. ಹಮಾಲರು ನನ್ನನ್ನು ರೈಟರಕ್ಕ ಅನ್ನುತ್ತಾರೆ.

ಭದ್ರಾ ನಾಲೆಯ ಭತ್ತ ನಮ್ಮಲ್ಲಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಒಂದು ಸುತ್ತು. ಬೇಸಿಗೆ ಬೆಳೆ ಮೇ ಹೊತ್ತಿಗೆ ಇನ್ನೊಂದು. ಆಗ ಮಲೇಬೆನ್ನೂರು, ಹೊನ್ನಾಳಿ ಕಡೆಯ ಟ್ರ್ಯಾಕ್ಟರುಗಳು ಗೇಟಿನಿಂದ ರೋಡಿನವರೆಗೆ ಸಾಲು ನಿಲ್ಲುತ್ತವೆ. ಭತ್ತ ಗುಂಡಿಗೆ ಸುರಿದ ಕೂಡಲೇ ಏಳುತ್ತದೆ ನೋಡಿ ಸುಂಕು. ಕುತ್ತಿಗೆ, ಮೊಣಕೈ ಎಲ್ಲ ನವೆ. ಅದು ಕಣ್ಣಿಗೆ ಕಾಣುವ ಧೂಳು. ಪಾಲಿಶ್ ಮಿಷನ್ ಹತ್ತಿರದ ತೌಡಿನ ಧೂಳು ಬೇರೆ ಥರ. ಗೋಧಿ ಹಿಟ್ಟಿಗಿಂತ ನುಣುಪು, ಸ್ವಲ್ಪ ಸಿಹಿ ವಾಸನೆ. ಬೆಳಿಗ್ಗೆ ಹತ್ತು ಗಂಟೆಗೆ ಮೇಲಿನ ಕಿಟಕಿಯಿಂದ ಬಿಸಿಲು ಕೋಲು ಬಿದ್ದಾಗ ಮಾತ್ರ ಅದು ಕಾಣುತ್ತದೆ. ಬಾಯ್ಲರ್ ಹಿಂದೆ ಹೊಟ್ಟಿನ ಬೂದಿ. 100 ಕೆ.ಜಿ. ಭತ್ತಕ್ಕೆ ಸುಮಾರು 20 ಕೆ.ಜಿ. ಹೊಟ್ಟು, ಅದನ್ನು ಸುಟ್ಟರೆ 4 ಕೆ.ಜಿ. ಬೂದಿ. ಆ ಬೂದಿಯ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿ. ಪುಪ್ಪಸದೊಳಗೆ ಹೋದರೆ ಅದು ಸುಲಭಕ್ಕೆ ಕರಗುವ ವಸ್ತುವಲ್ಲ.

ಇಷ್ಟೆಲ್ಲ ಇದ್ದರೂ 2020ಕ್ಕೆ ಮೊದಲು ನಮ್ಮಲ್ಲಿ ಮಾಸ್ಕ್ ಅನ್ನೋ ಶಬ್ದವೇ ಇರಲಿಲ್ಲ. ಹಮಾಲರಿಗೆ ಟವೆಲ್, ಕಣ ಗುಡಿಸುವ ಹೆಂಗಸರಿಗೆ ಸೆರಗು, ನನಗೆ ಕರ್ಚೀಫು.

ಕೊರೊನಾ ಬಂತು. ನಮ್ಮೂರು ಹಸಿರು ವಲಯ ಅಂತ ಖುಷಿಪಟ್ಟು ಮುಗಿಸುವಷ್ಟರಲ್ಲಿ ಕೇಸು ಶುರುವಾದವು. ಅಕ್ಟೋಬರಿನಲ್ಲಿ ಮಾಸ್ಕಿಲ್ಲದವರ ದಂಡ ಸಿಟಿಗಳಲ್ಲಿ 1,000 ರೂಪಾಯಿಗೆ ಏರಿ, ಜನ ಬೈದ ಮೇಲೆ 250ಕ್ಕೆ ಇಳಿಯಿತು. ಆಗ ಸಾಹುಕಾರ್ರು ನೀಲಿ ಮಾಸ್ಕಿನ ಬಾಕ್ಸುಗಳನ್ನು ರಾಶಿಗಟ್ಟಲೆ ತರಿಸಿದರು. ಯಾರಾದರೂ ಚೆಕಿಂಗಿಗೆ ಬಂದರೆ ವಾಚ್‌ಮನ್ ಸೀಟಿ ಹೊಡೆಯುವುದು, ಗಲ್ಲದಲ್ಲಿದ್ದ ಮಾಸ್ಕೆಲ್ಲ ಮೂಗಿಗೆ ಏರುವುದು. ಕೊರೊನಾ ಮುಗಿದಾಗ ನನ್ನ ಸ್ಟಾಕ್ ಬುಕ್ಕಿನಲ್ಲಿ 11 ಬಾಕ್ಸ್ ಉಳಿದಿತ್ತು.

2022ರ ಡಿಸೆಂಬರಿನಲ್ಲಿ ನನಗೆ ಕೆಮ್ಮು ಹತ್ತಿತು. ಒಂದೂವರೆ ತಿಂಗಳಾದರೂ ಬಿಡಲಿಲ್ಲ. ಶುಂಠಿ ಕಷಾಯ ಆಯಿತು, ಸಿರಪ್ ಆಯಿತು. ಕೊನೆಗೆ ಡಾಕ್ಟರ ಹತ್ತಿರ ಹೋದೆ. ಏನು ಕೆಲಸ ಅಂದರು. ಆಫೀಸಿನಲ್ಲಿ ಲೆಕ್ಕ ಬರೆಯೋದು ಸರ್ ಅಂದೆ. ಎಲ್ಲಿಯ ಆಫೀಸು ಅಂದರು. ರೈಸ್ ಮಿಲ್ಲು ಅಂದ ಕೂಡಲೇ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ನಿಮ್ಮ ಟೇಬಲ್ಲಿನಿಂದ ಭತ್ತ ಇಳಿಸೋ ಜಾಗ ಎಷ್ಟು ದೂರ?"

ಯಾರೂ ಕೇಳಿರಲಿಲ್ಲ ಈ ಪ್ರಶ್ನೆಯನ್ನು. ಒಂದು ಕಿಟಕಿ ದೂರ ಅಂದೆ.

ಪುಣ್ಯಕ್ಕೆ ಪುಪ್ಪಸಕ್ಕೇನೂ ಆಗಿರಲಿಲ್ಲ. ಧೂಳಿನ ಅಲರ್ಜಿ ಅಂದರು. ಮಾಸ್ಕ್ ಹಾಕಿಕೊಳ್ಳಿ ಅಂದರು. ನಾನು ಸೀದಾ ಬಂದು ಆ 11 ಬಾಕ್ಸಿನಲ್ಲಿ ಒಂದನ್ನು ಒಡೆದೆ. ಒಂದು ವಾರ ತಪ್ಪದೆ ಹಾಕಿದೆ. ಕೆಮ್ಮು ಇಳಿಯಲಿಲ್ಲ. ಶನಿವಾರ ಸಂಜೆ ಮಾಸ್ಕ್ ಬಿಚ್ಚಿ ಕಸದ ಬುಟ್ಟಿಗೆ ಹಾಕುವಾಗ ಕಣ್ಣಿಗೆ ಬಿತ್ತು ಆ ಎರಡು ಗೆರೆ. ಮಧ್ಯದಲ್ಲಿ, ಬಾಯಿ ಎದುರಿಗೆ, ಒಳಗೆ ಬೆಳ್ಳಗೇ ಇತ್ತು. ಬಟ್ಟೆ ತನ್ನ ಕೆಲಸ ಮಾಡಿತ್ತು. ಆದರೆ ಮೂಗಿನ ಪಕ್ಕ ಸಂದಿ ಇತ್ತಲ್ಲ, ಧೂಳು ಅಲ್ಲಿಂದ ಬಾಗಿಲು ತೆರೆದ ಮನೆಗೆ ಬಂದ ಹಾಗೆ ಬಂದಿತ್ತು. ಗಾಳಿಯೂ ನೀರಿನ ಹಾಗೇ ಅಲ್ವಾ, ಸಲೀಸಾದ ದಾರಿ ಹುಡುಕುತ್ತದೆ.

ಮತ್ತೆ ಡಾಕ್ಟರ ಹತ್ತಿರ ಹೋದಾಗ ನಕ್ಕರು. ಆ ನೀಲಿ ಮಾಸ್ಕ್ ಇರುವುದು ಆಪರೇಶನ್ ಮಾಡುವ ಡಾಕ್ಟರ ಉಗುಳು ರೋಗಿಯ ಗಾಯದ ಮೇಲೆ ಬೀಳದಿರಲಿ ಅಂತ. ಧೂಳಿಗೆ ಬೇಕಾದದ್ದು ಮುಖಕ್ಕೆ ಬಿಗಿಯಾಗಿ ಕೂರುವ ಎನ್95, ಇಲ್ಲಾ ಎಫ್‌ಎಫ್‌ಪಿ2. ನಮ್ಮ ದೇಶದ್ದಾದರೆ ಮೇಲೆ ಐಎಸ್ 9473 ಅಂತ ಭಾರತೀಯ ಮಾನಕದ ನಂಬರು ಅಚ್ಚಾಗಿರಬೇಕು. ಹತ್ತರ ಬಾಕ್ಸಿಗೆ 450 ರೂಪಾಯಿ ಕೊಟ್ಟು ತಂದೆ. ನನ್ನ ದುಡ್ಡೇ. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಯ ಬೆರಳಿನಿಂದ ಒತ್ತಿ ಕೂರಿಸಿದೆ. ಜೋರಾಗಿ ಉಸಿರು ಬಿಟ್ಟು ಕನ್ನಡಕಕ್ಕೆ ಮಂಜು ಕಟ್ಟುತ್ತದಾ ನೋಡಿದೆ. ಕಟ್ಟಲಿಲ್ಲ. ವಾರ ಕಳೆದು ಬಿಚ್ಚಿ ನೋಡಿದರೆ ಹೊರಗೆ ಮಣ್ಣಿನ ಬಣ್ಣ, ಒಳಗೆ ಗೆರೆ ಇಲ್ಲ. ಕೆಮ್ಮು ಯುಗಾದಿ ಹೊತ್ತಿಗೆ ನಿಂತಿತು. ಮಾಸ್ಕಿನಿಂದಲೇ ನಿಂತಿತೋ, ಸುಗ್ಗಿ ಮುಗಿದು ಟ್ರ್ಯಾಕ್ಟರ್ ಕಡಿಮೆಯಾಗಿದ್ದಕ್ಕೆ ನಿಂತಿತೋ, ಆಣೆ ಮಾಡಿ ಹೇಳಲಾರೆ.

ಅಲ್ಲಿಗೆ ನಾನು ಸುಮ್ನೆ ಇದ್ದಿದ್ದರೆ ಆಗುತ್ತಿತ್ತು. ಹೊಸದಾಗಿ ಮತಕ್ಕೆ ಸೇರಿದವರ ಉತ್ಸಾಹ ಜಾಸ್ತಿ. ಎಲ್ಲರಿಗೂ ಹಾಕಿಸುತ್ತೇನೆ ಅಂತ ಹೊರಟೆ.

ಮೊದಲು ಎದುರಾದವರು ಹಮಾಲರ ಮೇಸ್ತ್ರಿ. ಅರವತ್ತರ ಹತ್ತಿರದ ಮನುಷ್ಯ, ಹುರಿ ಮಾಡಿದ ಮೀಸೆ. ಸಂಜೆ ಟೀ ಹೊತ್ತಿನಲ್ಲಿ ಮಿರ್ಚಿ, ಮಂಡಕ್ಕಿ ಹಂಚಿಕೊಂಡು ಕೂತಿದ್ದೆವು.

"ಉಸ್ರು ಕಟ್ತತಿ ರೈಟರಕ್ಕ. ನಾವು ಬಿಟ್ಟ ಗಾಳಿ ನಾವೇ ಕುಡದಂಗ ಆಗ್ತತಿ."

"ಯಣ್ಣಾ, ಆಪರೇಶನ್ ಮಾಡೋರು ದಿನಗಟ್ಟಲೆ ಹಾಕ್ಕೊಂಡೇ ಇರ್ತಾರೆ."

"ಅವ್ರು ಎಪ್ಪತ್ತು ಕೇಜಿ ಚೀಲ ಹೊರ್ತಾರಾ?"

ಉತ್ತರ ಇರಲಿಲ್ಲ. ಮಾರನೇ ದಿನ ಮನೆಯಿಂದ ಆಕ್ಸಿಮೀಟರ್ ತಂದೆ. 2021ರ ಎರಡನೇ ಅಲೆಯಲ್ಲಿ ತಗೊಂಡಿದ್ದು. ಮೇಸ್ತ್ರಿ ಬೆರಳಿಗೆ ಸಿಕ್ಕಿಸಿದರೆ ಅದು ಬಹಳ ಹೊತ್ತು ಗೆರೆಯನ್ನೇ ತೋರಿಸಿತು. ನಲವತ್ತು ವರ್ಷ ಗೋಣಿಚೀಲಕ್ಕೆ ಕೊಕ್ಕೆ ಹಾಕಿದ ಬೆರಳು. ತುದಿ ಒಣಗಿದ ಹುಣಸೆ ತೊಗಟೆ ಆಗಿದೆ. ಕಿರುಬೆರಳಿಗೆ ಹಾಕಿದ ಮೇಲೆ 98 ಬಂತು. ಎನ್95 ಹಾಕಿಸಿ ಅರ್ಧ ಗಂಟೆ ಕೂರಿಸಿ ನೋಡಿದರೆ ಮತ್ತೆ 98. ಗೆದ್ದೆ ಅಂದುಕೊಂಡೆ. ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದೆ. "ಚಿಕ್ಕಮ್ಮಾ, ಅದು ಆಮ್ಲಜನಕ ತೋರಿಸುತ್ತೆ, ಇಂಗಾಲದ ಡೈ ಆಕ್ಸೈಡ್ ಅಳೆಯೋದೇ ಇಲ್ಲ. ಅದೂ ಕೂರಿಸಿ ನೋಡಿದ್ದೀಯ" ಅಂದ. ಸರಿಯಾದ ಮಾತೇ. ಬಿಟ್ಟ ಉಸಿರಿನಲ್ಲಿ ಸ್ವಲ್ಪ ಮಾಸ್ಕಿನ ಒಳಗೆ ಉಳಿಯುತ್ತದೆ. ಗಟ್ಟಿಮುಟ್ಟಾದವರಿಗೆ ಅದರಿಂದ ತೊಂದರೆ ಇಲ್ಲ. ಆದರೆ ಉಸಿರು ಎಳೆಯಲು ಜೋರು ಬೇಕು ಅನ್ನುವುದು ನಿಜ, ಸೆಕೆಯೂ ನಿಜ. ಅಸ್ತಮಾ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹಾಕಿ ದುಡಿಯಬಾರದು.

ಮೇ ತಿಂಗಳಲ್ಲಿ ಒಮ್ಮೆ ಎನ್95 ಹಾಕಿಕೊಂಡು ಗೋಡೌನಿನ ಹಲಗೆ ಹತ್ತಿ ಚೀಲ ಎಣಿಸಿ ಬಂದೆ. ಕೈಯಲ್ಲಿದ್ದಿದ್ದು ಬರೀ ಪುಸ್ತಕ. ಇಳಿಯುವಷ್ಟರಲ್ಲಿ ಮಾಸ್ಕ್ ಒದ್ದೆಯಾಗಿ ಮುಖಕ್ಕೆ ಅಂಟಿತ್ತು. ಮೇಸ್ತ್ರಿಗೆ ಬುದ್ಧಿ ಹೇಳುವ ನನ್ನ ದನಿ ಅವತ್ತಿನಿಂದ ಸ್ವಲ್ಪ ತಗ್ಗಿತು.

ವಾಲ್ವ್ ಇರುವ ಮಾಸ್ಕ್ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಉಸಿರು ಬಿಟ್ಟಾಗ ಮುಚ್ಚಳ ತೆರೆದು ಬಿಸಿಗಾಳಿ ಹೊರಗೆ ಹೋಗುತ್ತದೆ, ಎಳೆದಾಗ ಮುಚ್ಚಿಕೊಳ್ಳುತ್ತದೆ. ಹಮಾಲರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಸಾಹುಕಾರ್ರು "ಅದು ಸರ್ಕಾರ ಬೇಡ ಅಂದಿದ್ದಲ್ವೇನಮ್ಮಾ" ಅಂದರು. ಹೌದು, 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ ವಾಲ್ವಿನ ಮಾಸ್ಕ್ ಬೇಡ ಅಂತ ರಾಜ್ಯಗಳಿಗೆ ಪತ್ರ ಬರೆದಿತ್ತು. ಅದು ಕೊರೊನಾಕ್ಕೆ. ಹಾಕಿಕೊಂಡವನ ಉಸಿರು ಸೋಸದೆ ಹೊರಗೆ ಹೋದರೆ ಎದುರಿನವನಿಗೆ ರೋಗ ಅಂಟುತ್ತದೆ. ಧೂಳಿನ ಕತೆ ಬೇರೆ. ನಮ್ಮ ಹಮಾಲರ ಉಸಿರಿನಿಂದ ಭತ್ತಕ್ಕೇನೂ ಆಗಬೇಕಾಗಿಲ್ಲ. ಒಂದೇ ಮಾಸ್ಕು, ಒಂದು ಕೆಲಸಕ್ಕೆ ಕೆಟ್ಟದ್ದು, ಇನ್ನೊಂದಕ್ಕೆ ಒಳ್ಳೆಯದು. ಇದನ್ನು ಅವರಿಗೆ ತಿಳಿಸಲು ಮೂರು ದಿನ ಬೇಕಾಯಿತು.

ಅಕ್ಕನ ಮಗನ ಜಗಳವೂ ಇದೇ ಗೊಂದಲದ್ದು. ಮಾಸ್ಕ್ ಕೆಲಸ ಮಾಡೋದೇ ಇಲ್ಲ ಅಂತ ಅವನ ವಾದ. ಡೆನ್ಮಾರ್ಕಿನ ಅಧ್ಯಯನ ಕಳಿಸಿದ. 2020ರ ಏಪ್ರಿಲ್, ಮೇ ತಿಂಗಳಲ್ಲಿ ಸುಮಾರು 6,000 ಜನರ ಮೇಲೆ ಮಾಡಿದ್ದು. ಮಾಸ್ಕ್ ಹಾಕಿ ಅಂತ ಹೇಳಿದವರಲ್ಲಿ ನೂರಕ್ಕೆ 1.8, ಹೇಳದವರಲ್ಲಿ 2.1 ಜನಕ್ಕೆ ಸೋಂಕು. ಇಷ್ಟು ಸಣ್ಣ ವ್ಯತ್ಯಾಸ ಕಾಕತಾಳೀಯವೂ ಇರಬಹುದು ಅಂತಾಯಿತು. ನಾನು ಬಾಂಗ್ಲಾದೇಶದ್ದು ಹುಡುಕಿ ಕಳಿಸಿದೆ. 600 ಹಳ್ಳಿ, ಮೂರು ಲಕ್ಷಕ್ಕಿಂತ ಜಾಸ್ತಿ ಜನ. ಮಾಸ್ಕ್ ಹಂಚಿ, ಜೊತೆಗೆ ಊರಲ್ಲಿ ನಿಂತು ನೆನಪಿಸಿದ ಕಡೆ ಸರಿಯಾಗಿ ಹಾಕುವವರು ನೂರಕ್ಕೆ 13 ಇದ್ದದ್ದು 42 ಆದರು. ನೀಲಿ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಲಕ್ಷಣ ಇರುವ ಸೋಂಕು ಸುಮಾರು ನೂರಕ್ಕೆ 11ರಷ್ಟು ಇಳಿಯಿತು. ಅವನು ಆಮೇಲೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ಸಂಸ್ಥೆಯ 2023ರ ವರದಿ ಕಳಿಸಿದ. ನಾನು ಅದೇ ಸಂಸ್ಥೆಯ ಸಂಪಾದಕಿ ಮಾರ್ಚಿನಲ್ಲಿ ಹೇಳಿದ್ದನ್ನು ಕಳಿಸಿದೆ. ಮಾಸ್ಕ್ ಉಪಯೋಗಕ್ಕೆ ಬರಲ್ಲ ಅಂತ ಆ ವರದಿಯನ್ನು ಓದುವುದು ತಪ್ಪು ಅಂತ ಅವರೇ ಹೇಳಿದ್ದರು.

ಇಬ್ಬರೂ ರಾತ್ರಿ ಹನ್ನೊಂದರವರೆಗೆ ಮೆಸೇಜು ಕುಟ್ಟಿದೆವು. ಮಲಗಿದ ಮೇಲೆ ಹೊಳೆಯಿತು, ಈ ಯಾವ ಊರಿನ ಲೆಕ್ಕವೂ ನನ್ನ ಗುಂಡಿಯ ಧೂಳಿನದ್ದಲ್ಲ. ಅಲ್ಲಿ ಅಳೆದದ್ದು ಜನರಿಗೆ ಮಾಸ್ಕ್ ಹಾಕಿ ಅಂತ ಹೇಳಿದರೆ ಊರಿನಲ್ಲಿ ರೋಗ ಎಷ್ಟು ಕಡಿಮೆಯಾಗುತ್ತದೆ ಅನ್ನುವುದನ್ನು. ಅವರು ಮನೆಯಲ್ಲಿ ಬಿಚ್ಚುತ್ತಾರೆ, ಮದುವೆಯಲ್ಲಿ ಬಿಚ್ಚುತ್ತಾರೆ. ನಮ್ಮ ಧೂಳು ರೋಗದ ಹಾಗೆ ಅಕ್ಕಪಕ್ಕದವರಿಗೆ ಅಂಟುವುದಿಲ್ಲ. ಮಾಸ್ಕ್ ಅದನ್ನು ಎಲ್ಲಿ ತಡೆಯಿತು, ಎಲ್ಲಿ ಬಿಟ್ಟಿತು ಅನ್ನುವುದಕ್ಕೆ ನನ್ನ ಡ್ರಾಯರಿನ ಎರಡು ಗೆರೆಯೇ ಸಾಕ್ಷಿ.

ಕಣ ಗುಡಿಸುವ ಅಕ್ಕನ ವಿಷಯ ಹೇಳಬೇಕು. ಮೊದಲು ಒಪ್ಪಿದವಳು ಅವಳೇ. ಎನ್95 ಕೊಟ್ಟ ನಾಲ್ಕನೇ ದಿನ ನೋಡುತ್ತೇನೆ, ಸೋಪು ಹಾಕಿ ತಿಕ್ಕಿ ತೊಳೆದು ತಂತಿಯ ಮೇಲೆ ಒಣಹಾಕಿದ್ದಾಳೆ. ಪಾಪ, ಎಷ್ಟು ಚೊಕ್ಕಟ! ಹೇಗೆ ಬೈಯೋದು? ಬಾಚಣಿಗೆಯನ್ನು ಕೂದಲಿಗೆ ತಿಕ್ಕಿ ಕಾಗದದ ಚೂರು ಎತ್ತುವ ಆಟ ಆಡುತ್ತಿದ್ದೆವಲ್ಲ, ಮಾಸ್ಕಿನ ನಡುವಿನ ಪದರದಲ್ಲಿ ಅದೇ ಇರುವುದು. ಪ್ಲಾಸ್ಟಿಕ್ ಎಳೆಗಳಲ್ಲಿ ವಿದ್ಯುತ್ ಸೆಳೆತ ತುಂಬಿರುತ್ತಾರೆ, ಸಣ್ಣ ಕಣ ಹತ್ತಿರ ಬಂದರೆ ಎಳೆದು ಹಿಡಿಯುತ್ತದೆ. 0.3 ಮೈಕ್ರಾನಿನ ಕಣ ಹಿಡಿಯುವುದೇ ಬಹಳ ಕಷ್ಟವಂತೆ (ಮೈಕ್ರಾನ್ ಅಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು). ದೊಡ್ಡವು ನೇರ ಬಂದು ಎಳೆಗೆ ಬಡಿಯುತ್ತವೆ, ಅದಕ್ಕಿಂತ ಸಣ್ಣವು ಕುಡಿದವರ ಹಾಗೆ ಅತ್ತಿತ್ತ ತೂರಾಡಿ ಬಡಿಯುತ್ತವೆ. ಅಂಥ ಕಷ್ಟದ ಕಣಗಳಲ್ಲೇ ನೂರಕ್ಕೆ 95 ಹಿಡಿದರೆ ಎನ್95. ಸೋಪು ನೀರು ಬಿದ್ದರೆ ಆ ಸೆಳೆತ ಹೋಯಿತು. ಬಾಚಣಿಗೆ ಮಾತು ಹೇಳಿದ ಮೇಲೆ ಅವಳಿಗೆ ತಿಳಿಯಿತು. "ಹಂಗಾರೆ ಕೊಡವಿ ಹಾಕ್ಕಂತೀನಿ" ಅಂದಳು. ಕೊಡವಲೂ ಬೇಡ ತಾಯಿ ಅಂದೆ.

ಇನ್ನೊಬ್ಬ ಹುಡುಗ ಗಡ್ಡ ಬಿಟ್ಟಿದ್ದ. ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ. ಗಡ್ಡದ ಮೇಲೆ ಎನ್95 ಕೂರುವುದಿಲ್ಲ, ಕೂದಲ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಇದು ಕೇಳಿದ ಮೇಸ್ತ್ರಿ ಮೀಸೆ ಮುಟ್ಟಿ ನೋಡಿಕೊಂಡು ಗಾಬರಿಯಾದರು. ನಿಮ್ಮ ಮೀಸೆ ಮಾಸ್ಕಿನ ಒಳಗೇ ಇರುತ್ತೆ, ಅಂಚಿಗೆ ಸಿಗದಿದ್ದರೆ ಸಾಕು ಅಂದೆ. ತುದಿಯ ಹುರಿ ಅಂಚಿಗೆ ಸಿಗುತ್ತಿತ್ತು, ಆದರೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಹರಕೆಯ ಹುಡುಗನನ್ನು ಗುಂಡಿಯಿಂದ ತೆಗೆದು ಲಾರಿ ತುಂಬುವ ಕಡೆ ಹಾಕಿಸಿದೆ.

ಇಷ್ಟು ಹೊತ್ತಿಗೆ ಸಾಹುಕಾರ್ರಿಗೆ ಮಾಸ್ಕ್ ಇಷ್ಟವಾಗತೊಡಗಿತ್ತು. ನನಗೆ ಅದೇ ಕಿರಿಕಿರಿ. "ಎಲ್ಲರಿಗೂ ಕೊಟ್ಟಿದ್ದೀವಲ್ಲಮ್ಮಾ, ಹಾಕ್ಕೊಳ್ಳದಿದ್ದರೆ ಅವರ ಹಣೆಬರಹ." ಪಾಲಿಶ್ ಮಿಷನ್ನಿನ ಮೇಲೆ ಧೂಳು ಹಿಡಿಯುವ ಬಟ್ಟೆಯ ಚೀಲಗಳಿವೆ. ಅದರಲ್ಲಿ ಎರಡು ಹರಿದು ಎರಡು ವರ್ಷ ಆಗಿತ್ತು. ಫಿಟ್ಟರ್ ಅದಕ್ಕೆ ಗೋಣಿ ಕಟ್ಟಿದ್ದ. ಚೀಲ ಬದಲಾಯಿಸಿ ಅಂದಾಗಲೆಲ್ಲ ಮಾಸ್ಕ್ ಇದೆಯಲ್ಲ ಅನ್ನುವ ಉತ್ತರ. ಮನೆ ಸೋರುತ್ತದೆ ಅಂದರೆ ಕೊಡೆ ಕೊಟ್ಟ ಹಾಗೆ. ಕಾನೂನಿನ ಮಾತೂ ಆಡಿದೆ. 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ನಿನಲ್ಲೇ ಇತ್ತು, ಧೂಳನ್ನು ಅದು ಏಳುವ ಜಾಗದ ಹತ್ತಿರವೇ ಎಳೆದು ತೆಗೆಯಬೇಕು ಅಂತ. ಮೂಗಿನ ಹತ್ತಿರ ಅಂತಲ್ಲ. "ನೀನು ಲಾಯರ್ ಆಗಬೇಕಿತ್ತು" ಅಂತ ನಕ್ಕು ಫೋನ್ ಎತ್ತಿಕೊಂಡರು.

ಲಾಯರ್ ಅಲ್ಲ, ಲೆಕ್ಕದವಳು. ಕಣದ ಅಕ್ಕನಿಗೆ ಹೇಳಿದೆ, ಪಾಲಿಶ್ ಮಿಷನ್ ಸುತ್ತ ಗುಡಿಸಿದ್ದನ್ನು ಹೊರಗೆ ಚೆಲ್ಲಬೇಡ, ಚೀಲಕ್ಕೆ ತುಂಬು ಅಂತ. ಆರು ದಿನ ಸಂಜೆ ತೂಕ ಹಾಕಿದೆ. 9 ಕೆ.ಜಿ., 11, 8, 10, ಮತ್ತೆ 10, 12. ಒಟ್ಟು 60 ಕೆ.ಜಿ. ತೌಡು. ಎಣ್ಣೆ ಮಿಲ್ಲಿನವರು ಕೆ.ಜಿ. ಲೆಕ್ಕದಲ್ಲಿ ಕೊಳ್ಳುವ ಮಾಲು, ನೆಲದ ಮಣ್ಣು ಸೇರಿ ಹಾಳಾಗುತ್ತಿತ್ತು. ವಾರಕ್ಕಿಷ್ಟು, ಎರಡು ವರ್ಷಕ್ಕಿಷ್ಟು ಅಂತ ಒಂದು ಚೀಟಿ ಬರೆದು ಸೋಮವಾರ ಅವರ ಟೇಬಲ್ ಮೇಲಿಟ್ಟೆ. ಆರೋಗ್ಯದ ಒಂದು ಶಬ್ದವೂ ಅದರಲ್ಲಿರಲಿಲ್ಲ. ಬುಧವಾರ ಹೊಸ ಚೀಲ ಬಂದವು.

ಈಗ ಹತ್ತು ಗಂಟೆಯ ಬಿಸಿಲು ಕೋಲಿನಲ್ಲಿ ಧೂಳು ಪೂರ್ತಿ ಹೋಗಿಲ್ಲ, ತೆಳುವಾಗಿದೆ. ಭತ್ತ ಸುರಿಯುವ ಗುಂಡಿಗೆ ಏನೂ ಆಗಿಲ್ಲ. ಅಲ್ಲಿ ತೌಡು ಹೋಗುವುದಿಲ್ಲ, ಸುಂಕು ಹೋಗುತ್ತದೆ, ಅದಕ್ಕೆ ಬೆಲೆ ಇಲ್ಲ. ಗುಂಡಿಯಲ್ಲಿ ನಿಲ್ಲುವ ಇಬ್ಬರಿಗೆ ಮಾತ್ರ ವಾಲ್ವಿನ ಮಾಸ್ಕ್ ಕೊಡಿಸಿದ್ದೇನೆ. ಅರ್ಧ ಗಂಟೆಗೊಮ್ಮೆ ಜನ ಬದಲಾಗುತ್ತಾರೆ. ಅಷ್ಟಾದರೆ ಹಾಕುತ್ತಾರೆ. ದಿನವಿಡೀ ಅಂದರೆ ಯಾರೂ ಹಾಕುವುದಿಲ್ಲ, ನಾನೂ ಹಾಕುವುದಿಲ್ಲ.

ಮೊನ್ನೆ ಮೇಸ್ತ್ರಿ ಕಿಟಕಿ ಹತ್ತಿರ ಬಂದು ನಿಂತರು. ಹೆಗಲ ಮೇಲಿನ ಟವೆಲ್ ತೆಗೆದು ಬಿಸಿಲಿಗೆ ಒಮ್ಮೆ ಜಾಡಿಸಿದರು. ಅರ್ಧ ನನ್ನ ಲೆಡ್ಜರಿನ ಮೇಲೇ ಬಿತ್ತು.

"ಎಲ್ಡು ಮಾಸ್ಕ್ ಕೊಡ್ರಿ ರೈಟರಕ್ಕ. ಗಟ್ಟಿದು."

"ಕೊನೆಗೂ ಬಂದ್ರಲ್ಲ ದಾರಿಗೆ."

"ನಂಗಲ್ಲ. ಸೊಸಿಗೆ. ಮಂಡಕ್ಕಿ ಭಟ್ಟಿಗೆ ಹೋಗ್ತಾಳ, ಕೆಮ್ಮು ಹತ್ಯತಿ."

ಹೊಗೆಯಲ್ಲಿನ ಮಸಿ ತಡೆದೀತು, ಹೊಗೆಯ ಗ್ಯಾಸು ತಡೆಯೋದಿಲ್ಲ, ಉರಿಯಿಂದ ಆದಷ್ಟು ದೂರ ಕೂತ್ಕೊಳ್ಳೋಕೆ ಹೇಳಿ, ತೊಳೀಬಾರದು ಅಂತ ಹೇಳಿ, ಎಂದೆಲ್ಲ ಹೇಳಿ ಕೊಟ್ಟೆ. ರಿಜಿಸ್ಟರಿನಲ್ಲಿ 2 ಅಂತ ಬರೆದುಕೊಂಡು, "ನಿಮಗೊಂದು?" ಅಂದೆ.

"ನಂಗ್ಯಾಕ್ರಿ, ಟವೆಲ್ ಐತಲ್ಲ" ಅಂತ ಅದನ್ನೇ ಮೂಗಿಗೆ ಸುತ್ತಿಕೊಂಡು ಹೊರಟರು.